ಎಫ್‌ಎಂಜಿಇ: ಮಾಕ್ ಟೆಸ್ಟ್ ಅಂಕ 140 ದಾಟುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬಂದು, ಭಾರತದಲ್ಲಿ ಡಾಕ್ಟರ್ ಆಗಿ ಕೆಲಸ ಮಾಡಲು ಪಾಸಾಗಬೇಕಾದ ಪರೀಕ್ಷೆಯಾದ ಎಫ್‌ಎಂಜಿಇಗೆ ಓದುತ್ತಿದ್ದೇನೆ. ಇನ್ನು ಎರಡೇ ತಿಂಗಳಿದೆ. ಪಾಸಾಗಲು 300ಕ್ಕೆ 150 ಬೇಕು, ಆದರೆ ಮೂರು ಮಾಕ್ ಟೆಸ್ಟ್ ಬರೆದರೂ 135, 138, 140 ಇಷ್ಟರಲ್ಲೇ ನಿಂತಿದ್ದೇನೆ. ತುಂಬಾ ಭಯ ಆಗುತ್ತಿದೆ.

ವಿಡಿಯೋ ಪಾಠ ಎಲ್ಲಾ ಮುಗಿದಿದೆ, ನೋಟ್ಸ್ ಎರಡು ಸಲ ಓದಿದ್ದೇನೆ. ನೆಗೆಟಿವ್ ಮಾರ್ಕ್ಸ್ ಇಲ್ಲ ಅಲ್ವಾ, ಹಾಗಾಗಿ ಒಂದು ಪ್ರಶ್ನೆಯನ್ನೂ ಬಿಡುವುದಿಲ್ಲ. ಅನಾಟಮಿ, ಬಯೋಕೆಮಿಸ್ಟ್ರಿ ಮಾತ್ರ ಎಷ್ಟು ಓದಿದರೂ ವಾರದಲ್ಲಿ ಮರೆತುಹೋಗುತ್ತದೆ. ಅವೆರಡೂ ಸೇರಿ 34 ಅಂಕ, ಕಮ್ಯುನಿಟಿ ಮೆಡಿಸಿನ್ ಮತ್ತು ಓಬಿಜಿ (ಹೆರಿಗೆ, ಸ್ತ್ರೀರೋಗ ವಿಷಯ) ಸೇರಿದರೆ 60, ಅದರಲ್ಲಿ ನನಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತಿದೆ.

ಪಾಸಾದವರು ದಯವಿಟ್ಟು ಹೇಳಿ: ಉಳಿದ ಎರಡು ತಿಂಗಳಲ್ಲಿ ಅನಾಟಮಿ, ಬಯೋಕೆಮಿಸ್ಟ್ರಿಯನ್ನೇ ಮತ್ತೆ ಹಿಡಿಯಲಾ, ಅಥವಾ ಅದನ್ನು ಅಲ್ಲಿಗೇ ಬಿಟ್ಟು ಕಮ್ಯುನಿಟಿ ಮೆಡಿಸಿನ್, ಓಬಿಜಿಯನ್ನು ಗಟ್ಟಿ ಮಾಡಿಕೊಳ್ಳಲಾ?