ಪ್ರೊಕ್ಯೂರ್ ಅಂದ್ರೆ ಬರೀ ತರ್ಸೋದು ಅಂತ ಅಲ್ವಾ?

ಮೂಡಿಗೆರೆ ರೈಟರ್:
ನಮಸ್ಕಾರ. ಕಾಫಿ ಎಸ್ಟೇಟಲ್ಲಿ ಲೆಕ್ಕಪತ್ರ ಬರೆಯೋ ರೈಟರ್ ಆಗಿದೀನಿ. ಹಣ್ಣು ಕುಯ್ಯೋಕೆ ಆಳು ಸಾಲ್ತಿಲ್ಲ, ಹೊರಗಿಂದ 20 ಜನ ಹೆಣ್ಣಾಳುಗಳನ್ನ ಪ್ರೊಕ್ಯೂರ್ ಮಾಡ್ಬೇಕು ಅಂತ ಸಾವ್ಕಾರ್ರಿಗೆ ಇಂಗ್ಲಿಷಲ್ಲಿ ಮೇಲ್ ಹಾಕ್ದೆ. ಅವ್ರ ಮಗಳು ಫೋನ್ ಮಾಡಿ ಆ ಪದ ತೆಗೀರಿ, ಹೆಂಗಸ್ರ ವಿಷ್ಯಕ್ಕೆ ಅದನ್ನ ಬರೀಬಾರ್ದು ಅಂದ್ರು. ಗೊಬ್ಬರ, ಗೋಣಿಚೀಲ ಎಲ್ಲಕ್ಕೂ ಅದನ್ನೇ ಬರೆಯೋದು ನಾನು, ರಾಗಿ ಖರೀದಿ ಕೇಂದ್ರಕ್ಕೂ ಪ್ರೊಕ್ಯೂರ್‌ಮೆಂಟ್ ಸೆಂಟರ್ ಅಂತಾರಲ್ಲ. ತಪ್ಪೆಲ್ಲಿ ಆಯ್ತು? ರಾತ್ರಿಯೆಲ್ಲಾ ಮನಸ್ಸಿಗೆ ಕಸಿವಿಸಿ.

ಹಾಸನದ ಮೇಷ್ಟ್ರು:
ಅವ್ರು ಹೇಳಿದ್ದು ಸರಿ ಕಣಪ್ಪ. ಮೂಲ ಲ್ಯಾಟಿನ್, ಪ್ರೊ ಅಂದ್ರೆ ಇನ್ನೊಬ್ರ ಪರವಾಗಿ, ಕ್ಯುರಾ ಅಂದ್ರೆ ಕಾಳಜಿ, ಅಂದ್ರೆ ಬೇರೆಯವ್ರ ಕೆಲ್ಸ ನೋಡ್ಕೊಳ್ಳೋದು ಅಂತ ಶುರುವಾಗಿದ್ದು, ಪ್ರಾಕ್ಸಿ ಅನ್ನೋದೂ ಅದೇ ಬೇರಿಂದ ಬಂದಿದ್ದು. ಆಮೇಲೆ ಓಡಾಡಿ ಹೊಂದಿಸಿ ಕೊಡೋದು ಅನ್ನೋ ಅರ್ಥ ಬಂತು. ಅದಕ್ಕೇ ಅಂಗಡಿಗೆ ಹೋಗಿ ಸೋಪು ತಂದ್ರೆ ಪ್ರೊಕ್ಯೂರ್ ಅನ್ನಲ್ಲ, ಸಿಗೋದು ಕಷ್ಟ ಇರೋದನ್ನ ದೊರಕಿಸಿದ್ರೆ ಅಂತಾರೆ, ಇಲ್ಲಾ ಸರ್ಕಾರ, ಕಂಪನಿ ದೊಡ್ಡದಾಗಿ ಕೊಳ್ಳೋದಕ್ಕೆ. ಆದ್ರೆ ಕೊಡೋದು ಮನುಷ್ಯರನ್ನ ಅಂದ್ಕೊಳ್ಳಿ, ಹೆಣ್ಣನ್ನ ಇನ್ನೊಬ್ರಿಗೆ ಒದಗಿಸೋನು ಪ್ರೊಕ್ಯೂರರ್, ನಮ್ಮಲ್ಲಿ ತಲೆಹಿಡುಕ ಅಂತಾರಲ್ಲ ಅದೇ. ಅನೈತಿಕ ಸಾಗಾಟ ತಡೆಯೋ 1956ರ ಕಾಯ್ದೆ ಇದ್ಯಲ್ಲ, ಅದರ 5ನೇ ಸೆಕ್ಷನ್ನಲ್ಲೂ ಇದೇ ಪದ ಇದೆ. ಆಳಿಗೆ ಹೈರ್ ಅನ್ನಿ ಸಾಕು.

ಗೊರೂರು ಕಡೆಯವನು:
ಮೇಷ್ಟ್ರೇ, ಅಕ್ವೈರ್, ಅಂದ್ರೆ ಪಡ್ಕೊಳ್ಳೋದು, ಅನ್ನೋದೂ ಸೇರ್ಸಿ. ಇಂಗ್ಲಿಷಲ್ಲಿ ಒಳ್ಳೆ ಪದ, ಭಾಷೆ ಕಲಿತ್ರೂ ಅಕ್ವೈರ್, ಅಭ್ಯಾಸ ಆದ್ರೂ ಅಕ್ವೈರ್. ಆದ್ರೆ ಸರ್ಕಾರ ಜಮೀನು ತಗೊಳ್ಳೋದಕ್ಕೂ ಅದೇ ಪದ, ಹೇಮಾವತಿ ಡ್ಯಾಂಗೆ ಗದ್ದೆ ಬಿಟ್ಟುಕೊಟ್ಟ ನಮ್ಮಜ್ಜ ಸಾಯೋವರ್ಗೂ ಆ ಪದ ಕೇಳಿದ್ರೆ ಎದ್ದು ಹೋಗೋರು. ನೋಟೀಸಲ್ಲಿ ಸ್ವಾಧೀನ ಅಂತಿತ್ತಂತೆ, ಮನೇಲಿ ಎಲ್ರೂ ಅಂದಿದ್ದು ಮುಳುಗಡೆ ಅಂತ. ತಗೊಳ್ಳೋರಿಗೆ ಒಂದು ಮಾತು, ಕೊಟ್ಟೋರಿಗೆ ಇನ್ನೊಂದು.

ಮೂಡಿಗೆರೆ ರೈಟರ್:
ಇಬ್ರಿಗೂ ಥ್ಯಾಂಕ್ಸ್. ನಮ್ಮಲ್ಲಿ ಆಳು ಕರ್ಕೊಂಡು ಬರೋದು ಅಂತೀವಿ ನೋಡಿ, ಕರೆದ್ರೆ ಬರೋರು ಅವ್ರೇ ತಾನೆ, ಆ ಇಂಗ್ಲಿಷ್ ಪದದಲ್ಲಿ ಅವ್ರು ಬರೋದೇ ಇಲ್ಲ, ಗೋಣಿಚೀಲದ ಹಾಗೆ ತಂದುಹಾಕಿದಂಗಿದೆ. ಹೈರ್ ಅಂತ ತಿದ್ದಿ ಮೇಲ್ ಮತ್ತೆ ಕಳಿಸ್ದೆ. ಹೋದ್ವರ್ಷದ ಫೈಲಲ್ಲೂ ಹಂಗೇ ಬರ್ದಿದೀನಿ, ನಾಳೆ ಕೂತು ಅದನ್ನೂ ತಿದ್ದುತೀನಿ.