ರೂಮ್‌ಮೇಟ್ ತಂಜಾವೂರು, ನಾನು ಮಂಡ್ಯ, ಸ್ಟೇಟಸ್ ಜಗಳ ಆಗಿ ಮಾತು ನಿಂತಿದೆ

ವಿಸಿ_ನಾಲೆ:
ಬೆಂಗಳೂರಲ್ಲಿ ಇಂಜಿನಿಯರಿಂಗ್ ಫೈನಲ್ ಇಯರ್, ಮೂರು ವರ್ಷದಿಂದ ಒಂದೇ ರೂಮು. ಅವ್ನು ತಂಜಾವೂರ್ ಕಡೆ ಹಳ್ಳಿಯವ್ನು, ನಂದು ಮದ್ದೂರ್ ಹತ್ರ, ಇಬ್ರ ಮನೇಲೂ ಭತ್ತಾನೇ. ಮಳೆಗಾಲ ಬಂತು ಅಂದ್ರೆ ಬೆಳಗ್ಗೆ ಎದ್ದು ನಾನು ಕೆಆರ್‌ಎಸ್ ಲೆವೆಲ್ ನೋಡೋದು ಅವ್ನು ಅವ್ರ ಕಡೆ ಮೆಟ್ಟೂರ್ ಡ್ಯಾಮ್ ನೋಡೋದು, ಯಾರ ಡ್ಯಾಮ್ ಜಾಸ್ತಿ ಏರಿದ್ಯೋ ಅವ್ರು ಟೀ ಕೊಡಿಸ್ಬೇಕು ಅಂತ ರೂಲು. ಈ ವರ್ಷ, ಅಂದ್ರೆ 2023ರ ಆಗಸ್ಟಿಂದ ಯಾರೂ ಕೊಡ್ಸಿಲ್ಲ, ಏರಿದ್ರೆ ತಾನೆ.

ಸೆಪ್ಟೆಂಬರ್ 26ರ ಕಾವೇರಿ ಬಂದ್ ದಿನ ನಾನು ತಮಿಳುನಾಡಿಗೆ ಒಂದ್ ಹನಿನೂ ಬಿಡಲ್ಲ ಅಂತ ಸ್ಟೇಟಸ್ ಹಾಕ್ದೆ, ಅವ್ನು ಒಣಗಿದ ಕುರುವೈ (ಅವ್ರ ಕಡೆ ಭತ್ತದ ಮೊದಲ ಬೆಳೆ) ಗದ್ದೆ ಫೋಟೋ ಹಾಕಿ ತಮಿಳಲ್ಲಿ ಏನೋ ಬರ್ದ, ಸುಮ್ನಿರದೆ ಟ್ರಾನ್ಸ್‌ಲೇಟ್ ಮಾಡಿ ನೋಡ್ದೆ, ಕಳ್ಳರು ಅಂತಿತ್ತು. ನಾನೂ ಬಾಯಿಗ್ ಬಂದಂಗೆ ಅಂದು ಅವರಪ್ಪನ್ನೂ ಎಳೆದ್ಬಿಟ್ಟೆ. ಅವರಮ್ಮ ಕಳ್ಸೋ ಪರುಪ್ಪು ಪುಡಿ (ಬೇಳೆ ಪುಡಿ) ಡಬ್ಬ ಇಷ್ಟ್ ದಿನ ಎರಡು ಮಂಚದ ಮಧ್ಯೆ ಕಿಟಕೀಲಿ ಇರೋದು, ಈಗ ಅವ್ನ ಬೀರು ಒಳಗೆ. ಹೆಂಗ್ ಮಾತಾಡ್ಸೋದು? ನೀರಿನ ವಿಷ್ಯದಲ್ಲಿ ಮಾತ್ರ ನಾನು ಬದಲಾಗಲ್ಲ, ನಮ್ಮಪ್ಪ ಈ ಸಲ ನಾಟಿನೇ ಹಾಕಿಲ್ಲ.

ಹಳೇ_ಹಾಸ್ಟೆಲ್:
2016ರಲ್ಲಿ ನಾನೂ ಹಿಂಗೇ. ಸೆಪ್ಟೆಂಬರ್ 9ರ ಬಂದ್‌ಗೆ ಗಂಟಲು ಹರಿಯೋ ಹಂಗೆ ಕೂಗಿ ಬಂದವ್ನೂ ನಾನೇ, 12ಕ್ಕೆ ಊರಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದಾಗ ಸೇಲಂ ಫ್ರೆಂಡ್ ಬೈಕಿನ ನಂಬರ್ ಪ್ಲೇಟ್ ಬಿಚ್ಚಿದವ್ನೂ ನಾನೇ. ಸ್ಕ್ರೂಡ್ರೈವರ್ ಸಿಗ್ದೆ ಮೆಸ್ ಚಮಚದಲ್ಲಿ ತಿರುಗ್ಸಿದ್ದು, ಚಮಚ ಸೊಟ್ಟ ಆಯ್ತು. ಅವ್ನು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು, ನೀರು ನಮ್ದೇ ಕಣೋ ಅಂತಿದ್ದ.

ಮನೇಲ್_ತಮಿಳು:
ನಮ್ಮಂಥವ್ರ ಪಾಡು ಕೇಳಿ. ಹುಟ್ಟಿ ಬೆಳೆದಿದ್ದೆಲ್ಲ ಬೆಂಗಳೂರು, ಕುಡಿಯೋದೂ ಕಾವೇರಿ ನೀರೇ, ಆದ್ರೂ ಸೆಪ್ಟೆಂಬರ್ ಬಂದ್ರೆ ಅಮ್ಮ ಬಸ್ಸಲ್ಲಿ ಫೋನ್ ಎತ್ತಲ್ಲ.

ಕ್ಯೂಸೆಕ್_ಲೆಕ್ಕ:
ನಿಲುವು ಬದಲಾಯ್ಸು ಅಂತ ಯಾರೂ ಹೇಳ್ತಿಲ್ಲ ಮಾರಾಯ. ಸುಪ್ರೀಂ ಕೋರ್ಟ್ 2018ರಲ್ಲಿ ತಮಿಳುನಾಡಿಗೆ ಬಿಡ್ಬೇಕು ಅಂತ ಹೇಳಿದ 177.25 ಟಿಎಂಸಿ ಮಳೆ ಸರಿಯಾಗ್ ಬಂದ ವರ್ಷದ ಲೆಕ್ಕ, ಬರದ ವರ್ಷಕ್ಕೆ ಇಬ್ರೂ ಒಪ್ಪೋ ಸೂತ್ರ ಇವತ್ತಿಗೂ ಇಲ್ಲ, ಅದನ್ನ ನೀವಿಬ್ರು ಹಾಸ್ಟೆಲಲ್ಲಿ ಬಗೆಹರಿಸೋಕಾಗುತ್ತಾ? 2003ರಲ್ಲಿ ಎರಡೂ ಕಡೆ ರೈತರು ಕಾವೇರಿ ಕುಟುಂಬ ಅಂತ ಕಟ್ಕೊಂಡು ಒಬ್ರ ಗದ್ದೆ ಇನ್ನೊಬ್ರು ಹೋಗಿ ನೋಡಿ ಬಂದಿದ್ರು, ಜಗಳ ಮುಗೀಲಿಲ್ಲ ಬಿಡಿ, ಆದ್ರೆ ಎದುರಿಗಿರೋನೂ ಸಾಲ ಮಾಡಿ ಬಿತ್ತನೆ ತಂದವ್ನೇ ಅಂತ ಕಂಡಿರುತ್ತೆ. ನೀನು ಅವ್ನ ಊರು ನೋಡಿದ್ಯಾ? ಅವರಪ್ಪನ್ನ ಎಳ್ದಿದ್ದಕ್ಕೆ ಸಾರಿ ಕೇಳು, ಅಷ್ಟಕ್ಕೇ.

ವಿಸಿ_ನಾಲೆ:
ಊರು ನೋಡಿಲ್ಲ, ಎರಡ್ ಸಲ ಕರ್ದಿದ್ದ. ನಿನ್ನೆ ರಾತ್ರಿ ಲೈಟ್ ಆಫ್ ಮಾಡಿದ್ಮೇಲೆ ಸಾರಿ ಕೇಳ್ದೆ, ಮುಖ ನೋಡ್ಕೊಂಡು ಆಗ್ಲಿಲ್ಲ. ತುಂಬಾ ಹೊತ್ತಾದ್ಮೇಲೆ "ಸರಿ" ಅಂದ, ಅದು ತಮಿಳೋ ಕನ್ನಡವೋ ಗೊತ್ತಿಲ್ಲ, ಎರಡ್ರಲ್ಲೂ ಅದೇ ಅಲ್ವಾ. ಡಬ್ಬ ಇನ್ನೂ ಬೀರುವಲ್ಲೇ ಇದೆ. ಇವತ್ ಬೆಳಗ್ಗೆ ಬ್ರಷ್ ಬಾಯಲ್ಲಿಟ್ಕೊಂಡೇ, ಕೆಆರ್‌ಎಸ್ ಎಷ್ಟು ಅಂತ ಕೇಳ್ದ.