ಮಾರ್ಚ್‌ನಲ್ಲಿ ಜಾಂಬೋಟಿ ಕಡೆ ಕಪ್ಪೆ, ಸಾಲಮಾಂಡರ್ ಸಿಗುತ್ತವಾ?

ಟಿಳಕವಾಡಿ ಅಮ್ಮ:
ನಮಸ್ಕಾರ ಎಲ್ಲರಿಗೂ. ನನ್ನ ಮಗನಿಗೆ ಹತ್ತು ವರ್ಷ, ಕಪ್ಪೆ ಅಂದರೆ ಪ್ರಾಣ. ನನ್ನ ತಮ್ಮ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾನೆ. ಅಲ್ಲಿ ಹಿಮ ಕರಗಿ ಮೊದಲ ಮಳೆ ಬಿದ್ದ ರಾತ್ರಿ ಹಳದಿ ಚುಕ್ಕೆಯ ಸಾಲಮಾಂಡರ್‌ಗಳು (ನೋಡಲು ಹಲ್ಲಿ, ಆದರೆ ಕಪ್ಪೆಯ ಬಳಗದವು) ಮಣ್ಣಿನಿಂದ ಎದ್ದು ಮೊಟ್ಟೆ ಇಡಲು ಕೊಳದ ಕಡೆ ಹೊರಡುತ್ತವಂತೆ, ಅದರ ವಿಡಿಯೋ ಕಳಿಸಿದ್ದ. ಅವತ್ತಿನಿಂದ ಇವನದು ಒಂದೇ ಹಟ. ಕಳೆದ ಭಾನುವಾರ ನಮ್ಮ ಬೆಳಗಾವಿ ಹತ್ತಿರದ ಜಾಂಬೋಟಿ ಕಡೆ ಹೋಗಿ ಒಣಗಿದ ಹಳ್ಳದಲ್ಲಿ ಎರಡು ತಾಸು ಕಲ್ಲು ಎತ್ತಿ ಎತ್ತಿ ನೋಡಿದೆವು. ಒಂದು ಕಪ್ಪೆಯೂ ಇಲ್ಲ. ಮಿರಮಿರ ಮಿಂಚುವ, ಗಿಡ್ಡ ಕಾಲಿನ ಕಂದು ಪ್ರಾಣಿಯೊಂದು ಮಾತ್ರ ಸರ್ರನೆ ಓಡಿತು. ಅದು ಸಾಲಮಾಂಡರ್ ಇರಬಹುದಾ?

ಕಣಕುಂಬಿ ಮಳೆ:
ಅಕ್ಕಾ, ನೀವು ನೋಡಿದ್ದು ಹಾವುರಾಣಿ. ಅದಕ್ಕೆ ಮೈತುಂಬ ಹುರುಪೆ, ಬೆರಳಿಗೆ ಉಗುರು ಇರುತ್ತವೆ. ಸಾಲಮಾಂಡರ್‌ಗೆ ಎರಡೂ ಇಲ್ಲ, ಕಪ್ಪೆಯ ಹಾಗೆ ತೇವದ ಚರ್ಮ, ನಡಿಗೆಯೂ ನಿಧಾನ. ನಮ್ಮ ದೇಶದಲ್ಲಿ ಅದನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆ ಹೋಗಬೇಕು. ಸಹ್ಯಾದ್ರಿಯಲ್ಲಿ ಒಂದೂ ಇಲ್ಲ.

ಆದರೆ ಮಗನಿಗೆ ಹೇಳಿ, ಅದರ ದಾಯಾದಿ ನಮ್ಮಲ್ಲೇ ಇದೆ, ಸಿಸಿಲಿಯನ್ ಅಂತ. ಕಾಲಿಲ್ಲ, ಮೈಮೇಲೆ ಉಂಗುರ ಉಂಗುರ, ನೋಡಿದವರು ದೊಡ್ಡ ಎರೆಹುಳು ಅಂದುಕೊಳ್ಳುತ್ತಾರೆ, ಆದರೆ ಬೆನ್ನುಮೂಳೆ ಇದೆ, ಬಾಯಲ್ಲಿ ಹಲ್ಲೂ ಇವೆ. ಗೋವಾ ಗಡಿಯ ಚೋರ್ಲಾ ಘಟ್ಟದ ಭಾಗದಲ್ಲಿ ಸಿಕ್ಕ ಒಂದು ಜಾತಿಗೆ 2007ರಲ್ಲಿ ಮಹದಾಯಿ ನದಿಯ ಹೆಸರನ್ನೇ ಇಟ್ಟರು. ಹೊಲ ಅಗೆಯುವಾಗ ಹಾವು ಅಂತ ತಿಳಿದು ಇದನ್ನು ಹೊಡೆದು ಹಾಕುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಲದ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಸಾಲಮಾಂಡರ್‌ಗಳು ಚಳಿಗೆ ಮಣ್ಣು ಸೇರುತ್ತವೆ, ಇಲ್ಲಿ ಕಪ್ಪೆಗಳು ಬಿಸಿಲಿಗೆ. ಹಾಗಾಗಿ ಅವರ ಮಾರ್ಚ್ ಅಂದರೆ ನಮಗೆ ಮಿರ್ಗ, ಅದೇ ಮೃಗಶಿರಾ ಮಳೆ. ರೋಹಿಣಿ ಮಳೆಯಿಂದಲೇ ಕಿವಿಗೊಟ್ಟು ಕೇಳುತ್ತಾ ಇರಿ. ಜೂನ್ 7-8ಕ್ಕೆ ಮಿರ್ಗ ಕೂಡಿ ಎರಡು ದಿನ ಬಿಡದೆ ಹೊಡೆದರೆ ಸಾಕು, ಪೊದೆಯಿಂದ ಟಿಕ್ ಟಿಕ್ ಅಂತ ಶುರುವಾಗುತ್ತದೆ, ಅದು ಹೆಬ್ಬೆರಳಷ್ಟೂ ಇಲ್ಲದ ಪೊದೆಗಪ್ಪೆ. ಅದರ ಮೊಟ್ಟೆಯಿಂದ ಗೊದಮೊಟ್ಟೆ ಬರುವುದೇ ಇಲ್ಲ, ನೇರವಾಗಿ ಪುಟ್ಟ ಕಪ್ಪೆಯೇ ಹೊರಗೆ ಬರುತ್ತದೆ! ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಮುದ್ದೆ ಕಂಡರೆ ಅದು ಹಾರುವ ಹಸಿರು ಕಪ್ಪೆಯ ಗೂಡು. ಕೆಳಗೇ ನಿಂತು ನೋಡಿ, ಕೊಂಬೆ ಬಗ್ಗಿಸಬೇಡಿ.

ಮುದ್ದೇಬಿಹಾಳದವ:
ಘಟ್ಟಕ್ಕೇ ಹೋಗಬೇಕು ಅಂತೇನಿಲ್ಲ ಅಕ್ಕಾ. ನಮ್ಮದು ಎರೆ ಭೂಮಿ, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು. ಮೊದಲ ದೊಡ್ಡ ಮಳೆಗೆ ಹೊಲದ ತಗ್ಗು ತುಂಬಿದ ರಾತ್ರಿ ಎಲ್ಲಿದ್ದವೋ ಏನೋ, ಗೂಳಿಕಪ್ಪೆಗಳು ಗುಂಪಾಗಿ ಬಂದು ಕೂಗುತ್ತವೆ. ಗಂಡಿನ ಮೈ ನಿಂಬೆಹಣ್ಣಿನ ಹಳದಿ, ಕುತ್ತಿಗೆಯ ಎರಡೂ ಕಡೆ ನೀಲಿ ಚೀಲ ಉಬ್ಬುತ್ತವೆ. ಆ ಬಣ್ಣ ಜಾಸ್ತಿ ದಿನ ಉಳಿಯಲ್ಲ, ಆಮೇಲೆ ಮತ್ತೆ ಮಣ್ಣಿನ ಬಣ್ಣವೇ. ನಮ್ಮಪ್ಪ ಆ ರಾತ್ರಿ ಲಾಟೀನು ಹಿಡಿದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಿಮ್ಮ ಮನೆ ಹತ್ತಿರದ ಖಾಲಿ ಸೈಟಿನ ಗುಂಡಿಯಲ್ಲೂ ಮೊದಲು ನೋಡಿ.

ಟಾರ್ಚ್ ಮತ್ತು ಗಂಬೂಟು:
ಒಂದು ಮಾತು, ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿ. ಕೆಳಗಿನ ತೇವವೇ ಎಷ್ಟೋ ಜೀವಗಳ ಮನೆ. ಬರಿಗೈಯಲ್ಲಂತೂ ಎತ್ತಬೇಡಿ, ವಿಷದ ಮಂಡಲ ಹಾವುಗಳೂ ಅಲ್ಲೇ ಮಲಗಿರುತ್ತವೆ. ಕಪ್ಪೆಯನ್ನು ಮುಟ್ಟುವುದೂ ಬೇಡ. ಅದು ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯಲ್ಲಿರುವ ಸೊಳ್ಳೆ ಕ್ರೀಮು ನೇರ ಒಳಗೆ ಹೋಗುತ್ತದೆ. ಕಾಲೇಜಿನಲ್ಲಿದ್ದಾಗ ಕ್ರೀಮು ಹಚ್ಚಿದ ಕೈಯಲ್ಲೇ ಒಂದನ್ನು ಹಿಡಿದು ಬಾಟಲಿಯಲ್ಲಿ ಮನೆಗೆ ತಂದಿದ್ದೆ, ಬೆಳಗ್ಗೆ ಸತ್ತಿತ್ತು. ಇವತ್ತಿಗೂ ಅದು ನೆನಪಾಗುತ್ತದೆ.

ಭೀಮಗಡ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ, ಕರಡಿ ಇವೆ. ಮಳೆಯ ರಾತ್ರಿ ಚೋರ್ಲಾ ರಸ್ತೆಯಲ್ಲಿ ಕಾರು ತುಂಬಾ ನಿಧಾನ ಇರಲಿ. ರಸ್ತೆ ದಾಟುವ ಎಷ್ಟೋ ಕಪ್ಪೆಗಳು ಗಾಲಿಗೆ ಸಿಕ್ಕಿ ಸಾಯುತ್ತವೆ.

ಟಿಳಕವಾಡಿ ಅಮ್ಮ:
ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಈ ಭಾನುವಾರವೇ ಹೋಗಿ ಆ ಹಳ್ಳದ ಕಲ್ಲುಗಳನ್ನು ಮೊದಲಿದ್ದ ಹಾಗೆ ಇಟ್ಟು ಬರೋಣ ಅಂತಿದ್ದಾನೆ. ಏಪ್ರಿಲ್‌ನಲ್ಲಿ ಅವಕಾಳಿ (ಅಕಾಲಿಕ) ಮಳೆ ಬಿದ್ದರೂ ಕಪ್ಪೆ ಕೂಗುತ್ತವಾ?

ಕಣಕುಂಬಿ ಮಳೆ:
ಜೋರಾಗಿ ಬಿದ್ದರೆ ಒಂದೆರಡು ಕೂಗಬಹುದು. ಬಾಗಿಲು ತೆಗೆದು ಕೇಳಿ. ಮಿರ್ಗಕ್ಕೆ ಕಣಕುಂಬಿಗೆ ಬನ್ನಿ, ರಸ್ತೆ ಬದಿಯಲ್ಲೇ ತೋರಿಸುತ್ತೇನೆ.